ಹಾಸ್ಕೊಳ್ಳೋ ಭಾಷೆ ಮತ್ತು ಮುನಿಲಕ್ಷ್ಮಮ್ಮನ ಮೋಟರ್

ಮೂಡಲಪಾಳ್ಯದ ನಮ್ಮ ರಸ್ತೆಗೆ ಬಂದು ಚನ್ನಕೇಶವನ ಮನೆ ಯಾವುದು ಎಂದು ಕೇಳಿದರೆ ಜನ ಒಂದು ಕ್ಷಣ ತಬ್ಬಿಬ್ಬಾಗುತ್ತಾರೆ. ಮುನಿಲಕ್ಷ್ಮಮ್ಮನ ಮನೆ ಎಂದು ಕೇಳಬೇಕು. ಆಗ ಎಳನೀರಿನವನೂ ಕೈ ತೋರಿಸುತ್ತಾನೆ. ಚನ್ನಕೇಶವ ಐವತ್ತರ ಹತ್ತಿರ ಬಂದಿದ್ದಾನೆ, ದೊಡ್ಡ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಆರ್ಕಿಟೆಕ್ಟ್ ಆಗಿದ್ದಾನೆ, ಗೇಟಿನ ಪಕ್ಕ ಗ್ರಾನೈಟಿನಲ್ಲಿ ತನ್ನ ಹೆಸರು ಕೆತ್ತಿಸಿದ್ದಾನೆ. ಆರ್ಕಿಟೆಕ್ಟ್ ಎಂದ ತಪ್ಪಿಗೆ ನಮ್ಮ ರಸ್ತೆಯವರು ವರ್ಷಕ್ಕೊಬ್ಬರಾದರೂ ಮನೆಯ ಪ್ಲಾನ್ ಹಿಡಿದು ಅವನ ಬಳಿ ಹೋಗುತ್ತಾರೆ. ಅವನು ನೊಂದುಕೊಂಡು, ತಾನು ಕಟ್ಟುವುದು ಇಟ್ಟಿಗೆಯದ್ದಲ್ಲ, ವಿಚಾರದ್ದು ಎಂದು ವಿವರಿಸುತ್ತಾನೆ. ಅವರು ಹಾಗಾದರೆ ಸೆಪ್ಟಿಕ್ ಟ್ಯಾಂಕ್ ಎಲ್ಲಿ ಬರಬೇಕು ಅಷ್ಟು ಹೇಳಿ ಸಾಕು ಎನ್ನುತ್ತಾರೆ.

ಕಂಪನಿಯಲ್ಲಿ ಅವನು ಎಲ್ಲರಂತೆ ಜಾವಾ ಬರೆಯುತ್ತಾನೆ. ಅದು ಹೊಟ್ಟೆಪಾಡು. ಅವನ ಆತ್ಮ ಇರುವುದು ಹ್ಯಾಸ್ಕೆಲ್ ಎಂಬ ಇನ್ನೊಂದು ಕಂಪ್ಯೂಟರ್ ಭಾಷೆಯಲ್ಲಿ. ಈ ಭಾಷೆಯಲ್ಲಿ ಎಲ್ಲವೂ ಪರಿಶುದ್ಧ. ಒಂದು ಲೆಕ್ಕ ಇನ್ನೊಂದು ಲೆಕ್ಕದ ಪಾತ್ರೆ ಮುಟ್ಟುವುದಿಲ್ಲ, ಮೈಲಿಗೆ ಎನ್ನುವುದೇ ಇಲ್ಲ ಎಂದು ಅವನು ಭಾನುವಾರದ ಇಡ್ಲಿಯ ಮುಂದೆ ಕುಳಿತು ಹೇಳುವುದನ್ನು ನಾವೆಲ್ಲ ಒಂದಲ್ಲ ಒಂದು ಸಲ ಕೇಳಿದ್ದೇವೆ. ಆ ಭಾಷೆಯ ಗುರುತಾದ ಲ್ಯಾಂಬ್ಡಾ (λ) ಎಂಬ ಗ್ರೀಕ್ ಅಕ್ಷರವಿರುವ ಕಪ್ಪು ಟೀ ಶರ್ಟನ್ನು ಅವನು ತೊಡುತ್ತಾನೆ. ಮಹಡಿಯ ಬಾಡಿಗೆದಾರ, ರಾಯಚೂರು ಕಡೆಯ ಅಮರೇಶ ಅದನ್ನು ಬಹಳ ದಿನ ನೋಡಿ, ಕೊನೆಗೆ ತಡೆಯಲಾರದೆ, "ಅಣ್ಣಾರ, ಆ ತಲಿ ಇಲ್ಲದ ಮನಷ್ಯಾ ಎಲ್ಲಿಗೆ ಹೊಂಟಾನ್ರಿ?" ಎಂದು ಕೇಳಿದ್ದ.

ಮುನಿಲಕ್ಷ್ಮಮ್ಮನ ವಿಷಯ ಬೇರೆ. ಅವರ ಯಜಮಾನರ ಕಾಲದಲ್ಲಿ ಇಲ್ಲೆಲ್ಲ ರಾಗಿ ಹೊಲ. ಹೊಲ ಹೋಗಿ ಸೈಟಾಯಿತು, ಸೈಟು ಹೋಗಿ ಮೂರಂತಸ್ತಾಯಿತು, ಬಾವಿ ಹೋಗಿ ಬೋರ್ ಬಂತು, ಬೋರ್ ಬತ್ತಿ ಕಾವೇರಿ ಬಂತು. ಇಷ್ಟೆಲ್ಲ ಬದಲಾದರೂ ನೀರಿನ ಖಾತೆ ಮಾತ್ರ ಮುನಿಲಕ್ಷ್ಮಮ್ಮನ ಕೈಯಲ್ಲೇ ಉಳಿಯಿತು. ನಲ್ಲಿಯಲ್ಲಿ ಬಂದ ನೀರು ನೆಲದಡಿಯ ಸಂಪಿನ ತೊಟ್ಟಿಗೆ ಬೀಳುತ್ತದೆ. ಅಲ್ಲಿಂದ ಮಾಳಿಗೆಯ ಮೇಲಿನ ಟ್ಯಾಂಕಿಗೆ ಏರಿಸಲು ಮೋಟರ್ ಹಾಕಬೇಕು. ತುಂಬಿದ ಕೂಡಲೇ ಆರಿಸಬೇಕು. ಮೆಟ್ಟಿಲ ಕೆಳಗಿನ ಗೋಡೆಯಲ್ಲಿ ಸ್ವಿಚ್ಚು, ಸ್ವಿಚ್ಚಿನ ಪಕ್ಕ ಒಂದು ಪ್ಲಾಸ್ಟಿಕ್ ಕುರ್ಚಿ, ಕುರ್ಚಿಯಲ್ಲಿ ಮುನಿಲಕ್ಷ್ಮಮ್ಮ. ಟ್ಯಾಂಕು ತುಂಬುತ್ತಾ ಬಂದಂತೆ ಪೈಪಿನ ಸದ್ದು ಸಣ್ಣಗಾಗುತ್ತದಂತೆ. ಅದು ಅವರಿಗೆ ಮಾತ್ರ ಕೇಳುತ್ತದೆ. ಬೇರೆ ಯಾರೂ ಆ ಸ್ವಿಚ್ ಮುಟ್ಟುವಂತಿಲ್ಲ.

ಹೀಗಾಗಿ ಅವರು ಎಲ್ಲೂ ಹೋಗುತ್ತಿರಲಿಲ್ಲ. ಕೆಂಗೇರಿಯ ಮಗಳ ಮನೆಗೆ ಹೋದರೆ ಬೆಳಗಿನ ಮೋಟರ್ ಮುಗಿಸಿ ಹೊರಟು ಸಂಜೆಯ ಮೋಟರಿಗೆ ವಾಪಸ್. ಮದುವೆಗೆ ಹೋದರೆ ಮೊದಲ ಪಂಕ್ತಿಯಲ್ಲಿ ಉಂಡು, ತಾಂಬೂಲದ ಚೀಲ ಕಂಕುಳಲ್ಲಿಟ್ಟು ಆಟೋ ಹತ್ತುವುದು. ಇರಿ ಎಂದು ಯಾರಾದರೂ ಕೈ ಹಿಡಿದರೆ, "ಮೋಟ್ರು ಯಾರ್ ಹಾಕ್ತಾರೆ?" ಎಂಬ ಒಂದೇ ಪ್ರಶ್ನೆ. ಅದನ್ನು ಕೇಳಿದ್ದೇ ನೆಂಟರು ಹಿಡಿದ ಕೈ ಬಿಡುತ್ತಿದ್ದರು.

ಆದರೆ ಅವರಿಗೆ ಒಂದಾಸೆ ಇತ್ತು: ಕಾಶಿ. ಚಂದ್ರಾ ಲೇಔಟಿನ ನಿವೃತ್ತ ಮೇಷ್ಟ್ರು ಏಕಾಂತಯ್ಯ ಪ್ರತಿ ವರ್ಷ ಒಂದು ತಂಡವನ್ನು ಕಾಶಿಗೆ ಕರೆದೊಯ್ಯುತ್ತಾರೆ. ಪ್ರತಿ ವರ್ಷವೂ ಮುನಿಲಕ್ಷ್ಮಮ್ಮ ಹೆಸರು ಕೊಡುವುದು, ಹೊರಡುವ ಹೊತ್ತಿಗೆ ಮೋಟರಿನ ಕಾರಣಕ್ಕೆ ಹಿಂದೆ ಸರಿಯುವುದು. ಈ ವರ್ಷ ಪಕ್ಕದ ಮನೆಯ ಅಂಜನಮ್ಮ ಕಾಂಪೌಂಡ್ ಗೋಡೆಯ ಮೇಲಿಂದ ತಲೆ ಹಾಕಿ ಖಡಾಖಂಡಿತವಾಗಿ ಹೇಳಿಬಿಟ್ಟರು: "ನೋಡೇ ಮುನಿಲಕ್ಷ್ಮೀ, ನಿನ್ ಮಂಡಿ, ನನ್ ಮಂಡಿ ಎರಡೂ ಈ ವರ್ಷಕ್ಕೇ ಲಾಸ್ಟು. ನೀನ್ ಬರಲ್ಲ ಅಂದ್ರೆ ನಾನೂ ಹೋಗಲ್ಲ. ಆ ಪಾಪ ನಿನ್ ಮೋಟ್ರಿಗೆ." ಏಕಾಂತಯ್ಯನವರೂ ಫೋನ್ ಮಾಡಿ, ಮುಂದಿನ ವಾರದ ಶನಿವಾರದೊಳಗೆ ಗಟ್ಟಿ ಮಾಡದಿದ್ದರೆ ಆ ಜಾಗಕ್ಕೆ ಕೆಂಗೇರಿಯ ಇನ್ನೊಬ್ಬ ಹೆಂಗಸು ಕಾಯುತ್ತಿದ್ದಾರೆ ಎಂದು ತಿಳಿಸಿದರು.

ಆಗ ಚನ್ನಕೇಶವ ಎದ್ದು ನಿಂತ. ಅಂದರೆ, ತಿಂಡಿ ತಿನ್ನುತ್ತಿದ್ದವನು ಕುರ್ಚಿಯಲ್ಲಿ ನೆಟ್ಟಗೆ ಕುಳಿತ.

"ಅಮ್ಮ, ನೀನು ಕಾಶಿಗೆ ಹೋಗು. ಮೋಟರ್ ವಿಷ್ಯ ನಂಗ್ ಬಿಡು."

"ನಿಂಗಾ?" ಎಂದರು ತಾಯಿ. ಕನ್ನಡದಲ್ಲಿ ಇಷ್ಟು ಚಿಕ್ಕ ಪದದೊಳಗೆ ಅಷ್ಟು ದೊಡ್ಡ ಅವಿಶ್ವಾಸ ಹಿಡಿಸುತ್ತದೆ ಎಂದು ಯಾರೂ ಅಂದುಕೊಂಡಿರಲಿಲ್ಲ.

"ನಂಗಲ್ಲ. ನನ್ ಪ್ರೋಗ್ರಾಮ್‌ಗೆ. ಅದೇ ಹಾಕುತ್ತೆ, ಅದೇ ಆಫ್ ಮಾಡುತ್ತೆ."

"ಹ್ಯಾಸ್ಕೆಲ್‌ನಲ್ಲಿ ಬರೀತಾರಂತೆ ಅತ್ತೆ," ಎಂದಳು ಹೆಂಡತಿ ಲತಾ, ಚಟ್ನಿ ಬಡಿಸುತ್ತಾ.

"ಹಾಸ್ಕೊಳ್ಳೋದಾ?"

"ಹಾಸ್ಕೊಳ್ಳೋದಲ್ಲಮ್ಮ, ಹ್ಯಾಸ್ಕೆಲ್! ಅದೊಂದು ಫಂಕ್ಷನಲ್ ಭಾಷೆ."

"ಫಂಕ್ಷನ್ನಾ? ಯಾರ್ ಮನೇದು?"

ಚನ್ನಕೇಶವ ಕಣ್ಣು ಮುಚ್ಚಿ ತೆರೆದ. "ಯಾರ್ ಮನೇದೂ ಅಲ್ಲ. ಅದು ಲೇಜಿ ಭಾಷೆ ಅಮ್ಮ. ಅಂದ್ರೆ, ಬೇಕು ಅಂತ ಕೇಳೋವರ್ಗೂ ಯಾವ ಲೆಕ್ಕಾನೂ ಮಾಡಲ್ಲ. ಅದೇ ಅದರ ಹೆಚ್ಚುಗಾರಿಕೆ."

"ಸೋಮಾರಿನಾ! ಮನೇಲಿ ಒಬ್ಬ ಸಾಲ್ದು ಅಂತ ಇನ್ನೊಂದು ಕಟ್ಕೊಂಡ್ ಬಂದ್ಯಾ? ಹಾಸ್ಕೊಳ್ಳೋ ಭಾಷೆ ಅಂತ ನಾನ್ ಅಂದಿದ್ದು ಸರಿಯಾಗೇ ಅದೆ ಬಿಡು."

ಅಂದಿನಿಂದ ಆ ಮನೆಯಲ್ಲಿ, ಆಮೇಲೆ ಇಡೀ ರಸ್ತೆಯಲ್ಲಿ, ಅದಕ್ಕೆ ಅದೇ ಹೆಸರು ನಿಂತಿತು. ಆದರೂ ಮುನಿಲಕ್ಷ್ಮಮ್ಮ ಒಂದು ಷರತ್ತಿನ ಮೇಲೆ ಒಪ್ಪಿದರು. ಮುಂದಿನ ವಾರದ ಶುಕ್ರವಾರದವರೆಗೆ ತಾವು ಸ್ವಿಚ್ ಮುಟ್ಟುವುದಿಲ್ಲ. ಟ್ಯಾಂಕು ಉಕ್ಕದೆ, ಬತ್ತದೆ ಅಷ್ಟು ದಿನ ಕಳೆದರೆ ಕಾಶಿ. ಒಂದು ಸಲ ತಪ್ಪಿದರೂ ಕೆಂಗೇರಿಯ ಹೆಂಗಸು ಹೋಗಲಿ.

ಮೂಡಲಪಾಳ್ಯದ ಮುಖ್ಯರಸ್ತೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಇದೇ ಕೆಲಸಕ್ಕೆ ಒಂದು ಡಬ್ಬಿ ಸಿಗುತ್ತದೆ. ಟ್ಯಾಂಕಿನೊಳಗೆ ತೇಲುವ ಚೆಂಡು, ಅದಕ್ಕೊಂದು ವೈರು. ಚೆಂಡು ಮೇಲೆ ಬಂದರೆ ಮೋಟರ್ ಆಫ್. ಅಮರೇಶ ಅದನ್ನು ನೆನಪಿಸಿದ. ಚನ್ನಕೇಶವ ಅವನನ್ನು, ಸಂಗೀತ ಕಛೇರಿಯಲ್ಲಿ ಕಡಲೆಕಾಯಿ ಬಿಡಿಸಿದವನನ್ನು ನೋಡುವಂತೆ ನೋಡಿದ. "ಆ ಚೆಂಡಿಗೆ ಏನ್ ಗೊತ್ತಪ್ಪ? ಅದಕ್ಕೆ ಟೈಪ್ ಸೇಫ್ಟಿ ಇದ್ಯಾ? ಲೀಟರ್ರೂ ನಿಮಿಷಾನೂ ಬೆರಕೆ ಆಗ್ದಂಗೆ ನೋಡ್ಕೊಳ್ಳುತ್ತಾ?"

"ಇಲ್ರಿ ಅಣ್ಣಾರ," ಎಂದ ಅಮರೇಶ ವಿನಯದಿಂದ. "ಅದಕ್ಕ ಬರೇ ತೇಲೂದು ಗೊತ್ತೈತ್ರಿ."

ಚನ್ನಕೇಶವ ಅಂಗೈ ಅಗಲದ ಕಂಪ್ಯೂಟರ್ ಬೋರ್ಡೊಂದನ್ನು ತಂದು, ಹಳೆಯ ಐಸ್‌ಕ್ರೀಂ ಡಬ್ಬಿಯೊಳಗೆ ಕೂರಿಸಿ, ಮೆಟ್ಟಿಲ ಕೆಳಗೆ ಮೊಳೆ ಹೊಡೆದು ನೇತುಹಾಕಿದ. ಟ್ಯಾಂಕಿನಲ್ಲಿ ನೀರಿನ ಮಟ್ಟ ಅಳೆಯುವ ಒಂದು ಕಣ್ಣು, ಸಂಪಿನಲ್ಲಿ ಇನ್ನೊಂದು. ನಿಮಿಷಕ್ಕೊಂದು ಸಲ ಮಟ್ಟ ನೋಡುವುದು, ಕಡಿಮೆಯಿದ್ದರೆ ಮೋಟರ್ ಹಾಕುವುದು, ತುಂಬಿದರೆ ಆರಿಸುವುದು. ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ವಿಚಾರ ಕಟ್ಟುವವನಿಗೆ ಇಷ್ಟು ಸಾಲದು. ಮನೆಯಲ್ಲಿ ಒಟ್ಟು ಎಷ್ಟು ನೀರು ಮೇಲೆ ಹೋಯಿತು ಎಂಬ ಮೊತ್ತವನ್ನೂ ಸೇರಿಸಿದ. ತಿಂಗಳ ಕೊನೆಯಲ್ಲಿ ಬಾಡಿಗೆದಾರರ ವಾಟ್ಸ್ಯಾಪ್ ಗುಂಪಿಗೆ ಒಂದು ಬಣ್ಣದ ವರದಿ ಹಾಕಿ, ಕೆಳಗೆ ‘ಚನ್ನಕೇಶವ, ಆರ್ಕಿಟೆಕ್ಟ್’ ಎಂದು ಬರೆಯುವುದು ಅವನ ಆಸೆ. ಬರೆದದ್ದನ್ನು ಕಂಪ್ಯೂಟರ್ ತಪ್ಪಿಲ್ಲವೆಂದು ಒಪ್ಪಿಕೊಂಡು ಪ್ರೋಗ್ರಾಂ ಕಂಪೈಲ್ ಆದಾಗ ಅವನು ಲತಾಳನ್ನು ಕರೆದು ತೋರಿಸಿದ.

"ಈ ಭಾಷೇಲಿ ಕಂಪೈಲ್ ಆಯ್ತು ಅಂದ್ರೆ ಮುಗೀತು. ತಪ್ಪಿರೋಕೆ ಚಾನ್ಸೇ ಇಲ್ಲ."

"ಹಾಗಾದ್ರೆ ಮಿಕ್ಸೀನೂ ಒಂದ್ಸಲ ಕಂಪೈಲ್ ಮಾಡಿ ಕೊಡಿ," ಎಂದಳು ಲತಾ. "ಯುಗಾದಿಯಿಂದ ಹೇಳ್ತಾ ಇದೀನಿ."

"ಮಾಡೋಣ."

ಬೆಂಗಳೂರಿನ ಪಶ್ಚಿಮ ಭಾಗದ ಗಂಡಸರ ಬಾಯಲ್ಲಿ ‘ಮಾಡೋಣ’ ಎಂಬ ಮಾತಿಗಿರುವ ಅರ್ಥವನ್ನು ಹೊರಗಿನವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ವ್ಯಾಕರಣದ ಪ್ರಕಾರ ಅದು ಬಹುವಚನ, ಒಟ್ಟಾಗಿ ಕೆಲಸಕ್ಕೆ ಇಳಿಯುವ ಉತ್ಸಾಹದ ರೂಪ. ಬಳಕೆಯಲ್ಲಿ ಅದು ಕೆಲಸವನ್ನು ಮಡಿಸಿ ಅಟ್ಟದ ಮೇಲೆ ಇಡುವ ರೀತಿ. ಕೆಲಸ ಬೇಡ ಎಂದಿಲ್ಲ, ಮರೆತೂ ಇಲ್ಲ, ಮಾಡಿಯೂ ಇಲ್ಲ. ಲತಾಳ ಮಿಕ್ಸಿ, ಬಚ್ಚಲಿನ ಗೀಸರ್, ಪಾಸ್‌ಬುಕ್ ಎಂಟ್ರಿ, ಕೆಂಗೇರಿಯ ಬಾವನನ್ನು ನೋಡಿ ಬರುವುದು, ಎಲ್ಲವೂ ಅಟ್ಟದ ಮೇಲಿದ್ದವು. ಹ್ಯಾಸ್ಕೆಲ್‌ನ ಸೋಮಾರಿತನವೂ ಇದೇ ಜಾತಿಯದು. ಐದಕ್ಕೆ ಮೂರು ಸೇರಿಸು ಎಂದರೆ ಅದು ಎಂಟು ಎನ್ನುವುದಿಲ್ಲ. ‘ಐದಕ್ಕೆ ಮೂರು ಸೇರಿಸೋಣ’ ಎಂದು ಒಂದು ಚೀಟಿ ಬರೆದಿಟ್ಟುಕೊಳ್ಳುತ್ತದೆ. ಯಾರಾದರೂ ಬಂದು ‘ಎಷ್ಟಾಯ್ತು?’ ಎಂದು ಕೇಳಿದರಷ್ಟೇ ಚೀಟಿ ಬಿಡಿಸಿ ಎಂಟು ಎನ್ನುತ್ತದೆ. ಯಾರೂ ಕೇಳದಿದ್ದರೆ ಅಷ್ಟು ಶ್ರಮ ಉಳಿಯಿತು. ಚನ್ನಕೇಶವನಿಗೆ ಆ ಭಾಷೆ ಅಷ್ಟು ಬೇಗ ಒಲಿದದ್ದು ಏಕೆಂದು ಲತಾಳಿಗೆ ಮೊದಲ ದಿನವೇ ಅರ್ಥವಾಗಿತ್ತು.

ಮೋಟರ್ ಮೊದಲ ಕೆಲವು ದಿನ ಸೊಗಸಾಗಿ ಓಡಿತು. ಮುನಿಲಕ್ಷ್ಮಮ್ಮ ಕುರ್ಚಿಯಲ್ಲಿ ಕೈ ಕಟ್ಟಿ ಕುಳಿತು, ಅದು ತಾನೇ ಹತ್ತಿಕೊಳ್ಳುವುದನ್ನೂ ತಾನೇ ಆರಿಕೊಳ್ಳುವುದನ್ನೂ, ಹೊಸ ಸೊಸೆ ಮೊದಲ ಸಲ ಸಾರು ಮಾಡುವುದನ್ನು ನೋಡುವ ಹಾಗೆ ನೋಡಿದರು. ಹೊಗಳಲಿಲ್ಲ. "ಪೈಪು ಸಣ್ಣಗಾದ್ಮೇಲೆ ಒಂಚೂರು ಜಾಸ್ತಿ ಓಡ್ತದೆ," ಎಂದಷ್ಟೇ ಹೇಳಿದರು. ಆದರೆ ಒಳಗೊಳಗೆ ಟ್ರಂಕು ಇಳಿಸಿ, ಎರಡು ಹತ್ತಿ ಸೀರೆಗೆ ಬಿಸಿಲು ತೋರಿಸಿದ್ದನ್ನು ಅಂಜನಮ್ಮ ಗೋಡೆಯಾಚೆಯಿಂದ ನೋಡಿ ನಮಗೆಲ್ಲ ಹೇಳಿದರು.

ಅನಾಹುತ ಆದದ್ದು ಭಾನುವಾರ ಬೆಳಿಗ್ಗೆ. ಮೋಟರ್ ಓಡುತ್ತಿತ್ತು, ಟ್ಯಾಂಕು ಮುಕ್ಕಾಲು ತುಂಬಿತ್ತು. ಬಾಡಿಗೆದಾರರ ಗುಂಪಿನಲ್ಲಿ ಅಮರೇಶ, ಸುಮ್ಮನೆ ಕೀಟಲೆಗೆ, ಒಂದು ಸಂದೇಶ ಹಾಕಿದ: "ಅಣ್ಣಾರ, ಇಲ್ಲೀತನ ಎಷ್ಟು ನೀರು ಕುಡದೀವ್ರಿ? ನಿಮ್ಮ ಮಿಷನ್ ಹೇಳ್ತದೇನ್ರಿ?"

ಚನ್ನಕೇಶವ ಇದಕ್ಕೇ ಕಾಯುತ್ತಿದ್ದ. ತಿಂಗಳ ಕೊನೆಯವರೆಗೆ ತಡೆಯುವುದು ಯಾರಿಗೆ ಬೇಕು? ‘ಒಂದೇ ಕ್ಷಣ’ ಎಂದು ಬರೆದು, ಮೊಬೈಲಿನಲ್ಲಿ ಮೊತ್ತ ಕೇಳುವ ಗುಂಡಿ ಒತ್ತಿದ.

ಅಲ್ಲಿಯವರೆಗೆ ಆ ಮೊತ್ತವನ್ನು ಯಾರೂ ಕೇಳಿರಲಿಲ್ಲ. ಆದ್ದರಿಂದ ಡಬ್ಬಿಯೊಳಗಿನ ಬೋರ್ಡು ಒಂದು ಸಲವೂ ಕೂಡಿರಲಿಲ್ಲ. ನಿಮಿಷ ನಿಮಿಷಕ್ಕೆ ‘ಹಿಂದಿನದಕ್ಕೆ ಇದನ್ನು ಸೇರಿಸೋಣ’ ಎಂಬ ಚೀಟಿ ಬರೆದು, ಅದರ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು ಪೇರಿಸುತ್ತಾ ಬಂದಿತ್ತು. ಈಗ ಏಕಾಏಕಿ ‘ಎಷ್ಟಾಯ್ತು?’ ಎಂದದ್ದೇ, ಮೇಲಿನ ಚೀಟಿ ಬಿಡಿಸಿದರೆ ಅದು ಕೆಳಗಿನದನ್ನು ಕೇಳು ಎಂದಿತು, ಕೆಳಗಿನದು ಅದರ ಕೆಳಗಿನದನ್ನು ಕೇಳು ಎಂದಿತು. ಬೋರ್ಡಿಗಿದ್ದ ಅಂಗೈಯಷ್ಟು ನೆನಪಿನಲ್ಲಿ ಇಷ್ಟೊಂದು ಚೀಟಿ ಹರಡಿಕೊಳ್ಳಲು ಜಾಗವೆಲ್ಲಿ? ಅದು ಉಸಿರುಗಟ್ಟಿ ನಿಂತುಬಿಟ್ಟಿತು. ಮೋಟರ್ ಮಾತ್ರ ನಿಲ್ಲಲಿಲ್ಲ. ಅದಕ್ಕೆ ನಿಲ್ಲು ಎನ್ನಬೇಕಾದವನೇ ಪ್ರಜ್ಞೆ ತಪ್ಪಿದ್ದ.

ಟ್ಯಾಂಕು ತುಂಬಿತು. ಉಕ್ಕಿತು. ನೀರು ಮಾಳಿಗೆಯಿಂದ ಜಾರಿ, ಪಕ್ಕದ ಮನೆಯ ತಾರಸಿಯ ಮೇಲೆ ಅಂಜನಮ್ಮ ಹಳೆಯ ಪಂಚೆ ಹಾಸಿ ಆಗಷ್ಟೇ ಒತ್ತಿದ್ದ ಅಕ್ಕಿ ಸಂಡಿಗೆಯ ಮೇಲೆ ಧಾರೆಯಾಗಿ ಬಿತ್ತು. ಸಂಡಿಗೆ ಮತ್ತೆ ಹಿಟ್ಟಾಗಿ, ಹಿಟ್ಟು ಹೊಳೆಯಾಗಿ, ಪೈಪಿನಲ್ಲಿ ಇಳಿದು ರಸ್ತೆಗೆ ಬಂತು.

"ಮುನಿಲಕ್ಷ್ಮೀ! ನಿಮ್ ಹಾಸ್ಕೊಳ್ಳೋ ಭಾಷೆ ನನ್ ಸಂಡಿಗೆ ಮೇಲೆ ಮಲಗ್ಬಿಡ್ತಲ್ಲೇ!"

ಮುನಿಲಕ್ಷ್ಮಮ್ಮ ಎದ್ದು, ಸ್ವಿಚ್ಚು ಆರಿಸಿ, ಸೆರಗಿನಲ್ಲಿ ಕೈ ಒರೆಸಿಕೊಂಡರು. ಮುಖದಲ್ಲಿ ಗೆದ್ದ ಕಳೆಯೂ ಇತ್ತು, ಸೋತ ಕಳೆಯೂ ಇತ್ತು. "ಲತಾ, ಆ ಏಕಾಂತಯ್ಯ ಮೇಷ್ಟ್ರಿಗೆ ಫೋನ್ ಹಾಕವ್ವ. ನನ್ ಹೆಸ್ರು ಹೊಡ್ದಾಕಿ ಅಂತ ಹೇಳ್ಬಿಡಾಣ."

ಫೋನು ಮಾಡುವ ಮೊದಲೇ ಅಂಜನಮ್ಮ ಗೇಟು ತಳ್ಳಿಕೊಂಡು ಬಂದಿದ್ದರು. ಜಗಳಕ್ಕೇ ಬಂದದ್ದು. ಕಾಲಿಗೆಲ್ಲ ಅಕ್ಕಿ ಹಿಟ್ಟು. ಆದರೆ ‘ಹೆಸ್ರು ಹೊಡ್ದಾಕಿ’ ಎಂಬ ಮಾತು ಕಿವಿಗೆ ಬಿದ್ದದ್ದೇ ತಮ್ಮ ಕಾಶಿಯೂ ಅದರ ಜೊತೆ ಹೊಳೆಯಾಗಿ ಹೋಗುವುದು ಕಂಡು ಪಕ್ಷ ಬದಲಿಸಿದರು.

"ಹಾಳಾಗ್ ಹೋಗ್ಲಿ ಬಿಡೇ ಸಂಡಿಗೆ. ಮಗು ಏನೋ ಪಾಪ ಮೊದ್ಲನೇ ಸಲ ಮಾಡಿದೆ."

ಮಗು ಲ್ಯಾಂಬ್ಡಾ ಟೀ ಶರ್ಟು ತೊಟ್ಟು, ನರೆತ ಗಡ್ಡ ಕೆರೆದುಕೊಳ್ಳುತ್ತಾ ನಿಂತಿತ್ತು. "ಆಂಟಿ, ತಪ್ಪು ಲಾಜಿಕ್‌ದಲ್ಲ, ಮೆಮೊರೀದು..."

"ನೀನ್ ಬಾಯ್ ಮುಚ್ಕೊಂಡಿರು, ನಿನ್ ಪರ ಮಾತಾಡ್ತಾ ಇದೀನಿ," ಎಂದರು ಅಂಜನಮ್ಮ. ಮತ್ತೆ ಗೆಳತಿಯ ಕಡೆ ತಿರುಗಿ, "ಶುಕ್ರವಾರದ್ವರ್ಗೂ ಇನ್ನೊಂದ್ ಅವಕಾಶ ಕೊಡೇ. ನನಗೋಸ್ಕರ."

ಮುನಿಲಕ್ಷ್ಮಮ್ಮ ಬಹಳ ಹೊತ್ತು ಯೋಚಿಸಿದಂತೆ ಮಾಡಿ, ಬಹಳ ಬೇಗ ಒಪ್ಪಿದರು.

ಚನ್ನಕೇಶವ ಸೋಮವಾರ ರಜೆ ಹಾಕಿದ. ಮೊದಲು ಬೋರ್ಡಿನದೇ ತಪ್ಪು ಎಂದ. ಆಮೇಲೆ ಕರೆಂಟಿನದು ಎಂದ. ಬಳಿಕ ಅಮರೇಶ ಅಕಾಲದಲ್ಲಿ ಪ್ರಶ್ನೆ ಕೇಳಿದ್ದು ಎಂದ. ಕೊನೆಗೆ, ಬೇರೆ ಯಾರೂ ಉಳಿಯದಿದ್ದಾಗ, ಬೋರ್ಡಿನ ನೆನಪು ದಿನದಿನಕ್ಕೆ ಎಷ್ಟು ತುಂಬುತ್ತಿತ್ತು ಎಂಬ ನಕ್ಷೆ ತೆಗೆದು ನೋಡಿದ. ಗೆರೆ ಏರುತ್ತಲೇ ಹೋಗಿತ್ತು, ಒಂದು ಕಡೆಯೂ ಇಳಿದಿರಲಿಲ್ಲ. ಅದನ್ನು ನೋಡಿದ ಕೂಡಲೇ ಅವನಿಗೆ ಹೊಳೆಯಿತು. ಮೊತ್ತ! ಯಾರಿಗೂ ಬೇಡವಾಗಿದ್ದ, ತನ್ನ ಬಣ್ಣದ ವರದಿಗೆ ಮಾತ್ರ ಬೇಕಾಗಿದ್ದ ಮೊತ್ತ.

ಪರಿಹಾರ ಒಂದೇ ಒಂದು ಚಿಹ್ನೆ. ಆ ಭಾಷೆಯಲ್ಲಿ ಒಂದು ಹೆಸರಿನ ಮೊದಲು ಆಶ್ಚರ್ಯಸೂಚಕ ಚಿಹ್ನೆ ಹಾಕಿದರೆ, ಇದನ್ನು ಚೀಟಿ ಮಾಡಿ ಇಡಬೇಡ, ಈಗಲೇ ಕೂಡಿ ಮುಗಿಸು ಎಂದರ್ಥ. ಚನ್ನಕೇಶವ ಅದನ್ನು ಹಾಕಿ, ಅಡಿಗೆಮನೆಗೆ ಬಂದು, ಯುದ್ಧ ಗೆದ್ದವನ ದನಿಯಲ್ಲಿ ವಿವರಿಸಿದ.

"ನೋಡು ಲತಾ, ಒಂದೇ ಒಂದು ಆಶ್ಚರ್ಯಸೂಚಕ. ಅಷ್ಟಕ್ಕೆ ಇಡೀ ಸೋಮಾರಿತನ ಮಾಯ."

ಲತಾ ಸೌಟು ಹಿಡಿದೇ ಅವನನ್ನು ನೋಡಿದಳು. "ನಾನ್ ಮದ್ವೆ ಆದಾಗಿನಿಂದ ಹಾಕ್ತಾನೇ ಇದೀನಲ್ರೀ. ನಿಮಗೇನೂ ಆಗಿಲ್ಲ."

ಇಲ್ಲಿಗೆ ಬಿಟ್ಟಿದ್ದರೆ ಎಲ್ಲವೂ ಸರಿಹೋಗುತ್ತಿತ್ತು. ಆದರೆ ಹೊಸದಾಗಿ ಶಿಸ್ತು ಕಲಿತವನಷ್ಟು ಅಪಾಯಕಾರಿ ಮನುಷ್ಯ ಇನ್ನೊಬ್ಬನಿಲ್ಲ. ಬೆಳಗಿನ ನಡಿಗೆ ಶುರುಮಾಡಿದವರು ಮನೆಮಂದಿಯನ್ನೆಲ್ಲ ಎಬ್ಬಿಸುತ್ತಾರಲ್ಲ, ಹಾಗೆ ಚನ್ನಕೇಶವ ಆ ಪ್ರೋಗ್ರಾಮಿನ ಮೂಲೆಮೂಲೆಯಲ್ಲಿ ಸೋಮಾರಿತನವನ್ನು ಹುಡುಕಿ ಹುಡುಕಿ ಹೊಡೆದ. ಆಶ್ಚರ್ಯಸೂಚಕ ಸಾಲದು ಎನಿಸಿದ ಕಡೆ, ಇನ್ನೂ ಗಡುಸಾದ ಒಂದು ಆಜ್ಞೆ ಹಾಕಿದ: ಈಗಲೇ ಮಾಡು, ಅಷ್ಟೇ ಅಲ್ಲ, ಕೊನೆಯವರೆಗೂ ಮಾಡಿ ಮುಗಿಸಿಯೇ ಏಳು. ದುರದೃಷ್ಟಕ್ಕೆ ಆ ಆಜ್ಞೆ ಮೋಟರಿನ ದಿನಚರಿಯ ಮೇಲೂ ಬಿತ್ತು. ಆ ದಿನಚರಿಯನ್ನು ಅವನು ಮೊದಲು ಸೋಮಾರಿ ಭಾಷೆಯ ಧೈರ್ಯದಲ್ಲಿ, ಕೊನೆಯೇ ಇಲ್ಲದಂತೆ ಬರೆದಿದ್ದ: ಇವತ್ತು, ನಾಳೆ, ನಾಡಿದ್ದು, ಆಚೆ ನಾಡಿದ್ದು, ಹೀಗೆ ಪ್ರಳಯದವರೆಗೆ ಮತ್ತು ಅದರಾಚೆಗೆ. ಕೇಳಿದಷ್ಟನ್ನೇ ಬಿಡಿಸುವ ಭಾಷೆಗೆ ಅದೇನೂ ಭಾರವಲ್ಲ. ‘ಇವತ್ತು’ ಎಂಬುದೊಂದನ್ನು ಹೊರಗೆ ತೆಗೆದು ಮಿಕ್ಕದ್ದನ್ನು ಹಾಗೇ ಬಿಡುತ್ತಿತ್ತು. ಈಗ ಕೊನೆಯವರೆಗೂ ಮುಗಿಸಿ ಏಳು ಎಂದರೆ?

ಬುಧವಾರ ಬೆಳಿಗ್ಗೆ ಬೋರ್ಡು ಕಲಿಯುಗದ ದಿನಗಳನ್ನು ಎಣಿಸುತ್ತಾ ಕುಳಿತಿತ್ತು. ಸಂಪಿನಲ್ಲಿ ನೀರು ತುಂಬಿತ್ತು. ಟ್ಯಾಂಕಿನಲ್ಲಿ ಹನಿಯಿಲ್ಲ. ಮಹಡಿಯ ಬಚ್ಚಲಿನಿಂದ ಅಮರೇಶನ ದನಿ ಬಂತು.

"ಅಣ್ಣಾರ! ಕಣ್ಣಾಗ ಸಾಬಾನ ಐತ್ರಿ! ನೀರು ಬರವಲ್ದ್ರಿ!"

ಚನ್ನಕೇಶವ ಲ್ಯಾಪ್‌ಟಾಪಿನತ್ತ ಓಡಿದ. ಲತಾ ಸ್ವಿಚ್ಚಿನತ್ತ ಓಡಿದಳು. ಅತ್ತೆ ಕಾಶಿಗೆ ಹೋಗಿಬರಬೇಕೆಂಬ ಭಕ್ತಿ ಆ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚಾಗಿ ಲತಾಳಲ್ಲಿತ್ತು. ಅದನ್ನು ಯಾವ ಸೊಸೆಗೂ ವಿವರಿಸಬೇಕಾಗಿಲ್ಲ. ಆದರೆ ಸ್ವಿಚ್ಚಿನ ಪಕ್ಕದ ಕುರ್ಚಿಯಲ್ಲಿ ಮುನಿಲಕ್ಷ್ಮಮ್ಮ ಹೂ ಕಟ್ಟುತ್ತಾ ಕುಳಿತೇ ಇದ್ದರು. ಕೈಗೆ ಎಟುಕುವಷ್ಟು ದೂರದಲ್ಲಿ ಸ್ವಿಚ್ಚು. ಮೋಟರಿನ ಸದ್ದಿನಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಹಿಡಿಯುವ ಕಿವಿಗೆ, ಮೋಟರೇ ಓಡದಿರುವುದು ಕೇಳಿಸದೆ ಇರುತ್ತದೆಯೇ? ಅಮರೇಶನ ಕೂಗಂತೂ ಚಂದ್ರಾ ಲೇಔಟಿನವರೆಗೆ ಕೇಳಿತ್ತು.

ಲತಾ ಮೆಟ್ಟಿಲ ಬಳಿ ಬಂದು, ಅತ್ತೆಯನ್ನು ನೋಡಿ, ಕೈ ಚಾಚಿದವಳು ಚಾಚಿದಂತೆಯೇ ನಿಂತಳು.

ಮುನಿಲಕ್ಷ್ಮಮ್ಮ ತಲೆ ಎತ್ತಲಿಲ್ಲ. ಕನಕಾಂಬರದ ಒಂದು ಹೂವನ್ನು ಬೆರಳ ಸಂದಿಯಲ್ಲಿ ಹಿಡಿದು ಪರೀಕ್ಷಿಸಿದರು. ಬಳಿಕ ನಿಧಾನವಾಗಿ, ಮಂಡಿ ಹಿಡಿದುಕೊಂಡು, ಕುರ್ಚಿಯನ್ನೇ ಗೋಡೆಯ ಕಡೆ ಬೆನ್ನಾಗುವಂತೆ ತಿರುಗಿಸಿ ಕುಳಿತರು.

"ಬಿಸ್ಲು ಕಣ್ಣಿಗ್ ಹೊಡೀತದೆ," ಎಂದರು.

ಆ ಮೆಟ್ಟಿಲ ಕೆಳಗೆ ಮನೆ ಕಟ್ಟಿದಾಗಿನಿಂದ ಬಿಸಿಲು ಬಿದ್ದದ್ದಿಲ್ಲ. ಲತಾ ಸ್ವಿಚ್ ಒತ್ತಿದಳು. ಮೋಟರ್ ಗುಂಯ್ ಎಂದಿತು.

"ಹಾಸ್ಕೊಳ್ಳೋ ಭಾಷೆ ಇವತ್ತು ಒಂಚೂರು ಲೇಟಾಗಿ ಎದ್ದಂಗಿದೆ," ಎಂದರು ಮುನಿಲಕ್ಷ್ಮಮ್ಮ ಹೂವಿಗೆ ಹೇಳುವಂತೆ. "ಆದ್ರೂ ಎದ್ತಲ್ಲ. ಅಷ್ಟ್ ಸಾಕು."

"ಹೂಂ ಅತ್ತೆ," ಎಂದಳು ಲತಾ.

ಚನ್ನಕೇಶವನಿಗೆ ಇದೊಂದೂ ಗೊತ್ತಾಗಲಿಲ್ಲ. ಅವನು ಒಳಗೆ ಗಡುಸು ಆಜ್ಞೆಗಳನ್ನೆಲ್ಲ ಕಿತ್ತು ಹಾಕುತ್ತಿದ್ದ. ಮೊತ್ತಕ್ಕೆ ಹಾಕಿದ್ದ ಒಂದು ಆಶ್ಚರ್ಯಸೂಚಕವನ್ನು ಉಳಿಸಿ, ದಿನಚರಿಯನ್ನು ಮತ್ತೆ ಅದರ ಸೋಮಾರಿತನಕ್ಕೆ ಬಿಟ್ಟ. ನೆನಪಿನ ನಕ್ಷೆ ಈ ಸಲ ಕೆರೆಯ ನೀರಿನಂತೆ ಸಮತಟ್ಟಾಗಿ ಮಲಗಿತು. ಮೊತ್ತ ಕೇಳಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ. ಹೊರಬಂದವನು ಟ್ಯಾಂಕು ತುಂಬಿರುವುದನ್ನು ಕಂಡು, ತನ್ನ ಪ್ರೋಗ್ರಾಂ ತಾನೇ ಚೇತರಿಸಿಕೊಂಡಿತು ಎಂದು ತಿಳಿದ. ಆ ಸಂಜೆಯೇ ಬಾಡಿಗೆದಾರರ ಗುಂಪಿನಲ್ಲಿ, ಯಾವುದನ್ನು ಈಗ ಮಾಡಬೇಕು, ಯಾವುದನ್ನು ಮುಂದಕ್ಕೆ ಹಾಕಬೇಕು ಎಂಬ ವಿವೇಕವೇ ಒಳ್ಳೆಯ ಆರ್ಕಿಟೆಕ್ಟನ ಲಕ್ಷಣ ಎಂದು ಉದ್ದದ ಸಂದೇಶ ಹಾಕಿದ. ಅಮರೇಶ ಅದಕ್ಕೆ ಕೈ ಮುಗಿದ ಚಿತ್ರ ಕಳಿಸಿದ, ಕಣ್ಣು ಇನ್ನೂ ಕೆಂಪಗಿದ್ದರೂ.

ಶುಕ್ರವಾರ ಸಂಜೆ ಮುನಿಲಕ್ಷ್ಮಮ್ಮ ಏಕಾಂತಯ್ಯನವರಿಗೆ ತಾವೇ ಫೋನ್ ಮಾಡಿದರು. "ಬರ್ತೀನಿ ಮೇಷ್ಟ್ರೇ. ಕಿಟಕಿ ಪಕ್ಕ ಕೊಡಿ."

ಹೊರಡುವ ದಿನ ಇಡೀ ರಸ್ತೆ ಗೇಟಿನಲ್ಲಿತ್ತು. ಮುನಿಲಕ್ಷ್ಮಮ್ಮ ಮಗನನ್ನು ಸ್ವಿಚ್ಚಿನ ಬಳಿ ಕರೆದೊಯ್ದು, ಮಗಳನ್ನು ಗಂಡನ ಮನೆಗೆ ಒಪ್ಪಿಸುವ ದನಿಯಲ್ಲಿ, ಬೇಸಿಗೆಯಲ್ಲಿ ಹೇಗೆ, ಕರೆಂಟು ಹೋಗಿ ಬಂದರೆ ಹೇಗೆ ಎಂದೆಲ್ಲ ಹೇಳಿದರು. ಚನ್ನಕೇಶವ, "ಅಮ್ಮ, ನೀನ್ ದಿನಾ ಫೋನ್ ಮಾಡು, ನಾನ್ ರಿಪೋರ್ಟ್ ಕೊಡ್ತೀನಿ," ಎಂದ. ಅಂಜನಮ್ಮ ಆಟೋದೊಳಗಿಂದಲೇ, "ರಿಪೋರ್ಟ್ ಆಮೇಲ್ ಕೊಡಪ್ಪ, ರೈಲು ನಿನ್ ಭಾಷೆ ಥರ ಕಾಯಲ್ಲ," ಎಂದು ಗೆಳತಿಯನ್ನು ಒಳಗೆ ಎಳೆದುಕೊಂಡರು.

ಮೋಟರ್ ಓಡಿತು. ನಿಂತಿತು. ಓಡಿತು. ಉಕ್ಕಲಿಲ್ಲ, ಬತ್ತಲಿಲ್ಲ. ಚನ್ನಕೇಶವ ದಿನವೂ ಬೆಳಿಗ್ಗೆ ಖಾಲಿ ಕುರ್ಚಿಯ ಪಕ್ಕ ನಿಂತು ಅದನ್ನು ನೋಡಿದ. ಫೋನು ಬರಲಿಲ್ಲ. ಮೊದಲ ದಿನ ರೈಲಿನಲ್ಲಿ ಸಿಗ್ನಲ್ ಇರುವುದಿಲ್ಲ ಎಂದುಕೊಂಡ. ಆಮೇಲೆ ಸುಸ್ತಾಗಿರುತ್ತದೆ ಎಂದುಕೊಂಡ. ಏಕಾಂತಯ್ಯನವರು ವಾಟ್ಸ್ಯಾಪಿನಲ್ಲಿ ತಂಡದ ಫೋಟೋ ಹಾಕಿದ್ದರು. ಅದರಲ್ಲಿ ಮುನಿಲಕ್ಷ್ಮಮ್ಮ ಕಪ್ಪು ಕನ್ನಡಕ ಹಾಕಿಕೊಂಡಿದ್ದರು. ಆ ಮನೆಯಲ್ಲಿ ಯಾರೂ ಅವರ ಕಪ್ಪು ಕನ್ನಡಕ ಕಂಡಿರಲಿಲ್ಲ.

"ಒಂದ್ಸಲಾನಾದ್ರೂ ಕೇಳ್ಬೇಡ್ವಾ?" ಎಂದ ಅವನು ಲತಾಳ ಬಳಿ. "ಇಷ್ಟ್ ಪರ್ಫೆಕ್ಟಾಗಿ ಓಡ್ತಾ ಇದೆ. ಕೇಳೋರೇ ಇಲ್ಲ."

"ಕೇಳಿದ್ರೆ ತಾನೇ ನಿಮ್ ಭಾಷೆ ಹೇಳೋದು? ಸುಮ್ನಿರಿ."

ಸುಮ್ಮನಿರುವುದು ಅವನಿಂದಾಗಲಿಲ್ಲ. ಕೊನೆಗೊಂದು ದಿನ ಮೆಟ್ಟಿಲ ಕೆಳಗೆ ನಿಂತು ತಾನೇ ಫೋನ್ ಮಾಡಿ, ಸ್ಪೀಕರಿಗೆ ಹಾಕಿ, ಗಂಟಲು ಸರಿಮಾಡಿಕೊಂಡ. ಆ ಕಡೆ ಗಾಳಿಯ ಸದ್ದು, ಹುಟ್ಟು ಹಾಕುವ ಸದ್ದು, ಅಂಜನಮ್ಮನ ಜೋರು ನಗು.

"ಅಮ್ಮ, ಚಿಂತೆ ಮಾಡ್ಬೇಡ. ಮೋಟರ್ ಒಂದ್ಸಲಾನೂ ತಪ್ಪಿಲ್ಲ."

"ಯಾವ ಮೋಟ್ರೋ?" ಎಂದರು ಮುನಿಲಕ್ಷ್ಮಮ್ಮ.

ಚನ್ನಕೇಶವ ಲತಾಳ ಕಡೆ ತಿರುಗಿದ. ಲತಾ ಸೆರಗು ಬಾಯಿಗೆ ಒತ್ತಿಕೊಂಡು ಅಡಿಗೆಮನೆಗೆ ಹೋಗಿದ್ದಳು.

"ದೋಣೀಲಿದೀನಿ ಕಣೋ ಕೇಶ್ವಾ, ಗಂಗೆ ಮೇಲೆ. ಎಷ್ಟ್ ನೀರು ಅಂತೀಯ! ಕಣ್ ಹಾಯ್ಸಿದಷ್ಟೂ ನೀರೇ. ಯಾರೂ ಹಾಕಿಲ್ಲ, ಯಾರೂ ಆಫ್ ಮಾಡಂಗಿಲ್ಲ, ಅದರ ಪಾಡಿಗೆ ಅದು ಹೋಗ್ತಾನೇ ಅದೆ." ಆಮೇಲೆ ಅವರ ದನಿ ದೂರವಾಗಿ, ಇನ್ಯಾರಿಗೋ ಹೇಳುವಂತೆ ಕೇಳಿಸಿತು. "ಮೇಷ್ಟ್ರೇ, ಹಿಂಗೇ ಮುಂದಕ್ಕೆ ಹೋದ್ರೆ ಗಯಾ ಎಷ್ಟ್ ದೂರ? ಇಷ್ಟ್ ದೂರ ಬಂದು ಅದೊಂದ್ ಯಾಕೆ ಬಿಡೋದು? ನನ್ ಮಗನ್ದೇನೂ ತೊಂದ್ರೆ ಇಲ್ಲ, ಇಲ್ಲೇ ಲೈನಲ್ಲವ್ನೆ, ಬೇಕಾದ್ರೆ ಕೇಳಿ."

"ಹಲೋ," ಎಂದರು ಏಕಾಂತಯ್ಯ ಫೋನು ತೆಗೆದುಕೊಂಡು. "ಏನಪ್ಪ, ಇನ್ನೊಂದು ವಾರ ನಿಮ್ ತಾಯಿ ಇಲ್ದೇ ನಡಿಯುತ್ತಾ?"

ಚನ್ನಕೇಶವ ಖಾಲಿ ಕುರ್ಚಿಯನ್ನು ನೋಡಿದ, ಐಸ್‌ಕ್ರೀಂ ಡಬ್ಬಿಯನ್ನು ನೋಡಿದ. ಡಬ್ಬಿಯ ಮೇಲೆ ಹಸಿರು ದೀಪ ಏನೂ ಗೊತ್ತಿಲ್ಲದಂತೆ ಮಿಟುಕುತ್ತಿತ್ತು.

"ನಡಿಯುತ್ತೆ ಸಾರ್," ಎಂದ. ಅವನ ದನಿಯಲ್ಲಿ ಹೆಮ್ಮೆಗಿಂತ ದೂರೇ ಹೆಚ್ಚಾಗಿ ಕೇಳಿಸಿತು ಎಂದು ಲತಾ ಆಮೇಲೆ ಹೇಳಿದಳು.